ಬಂದೂಕಿನ ತುದಿಯ ಬಂಗಾರದ ಮಣಿ

ಲೈಸೆನ್ಸ್ ರಿನ್ಯೂವಲ್‌ಗೆ ಒಯ್ಯುವ ಮೊದಲು ಅಪ್ಪನ ಬಂದೂಕು ಒರೆಸುತ್ತಾ ಕೂತಿದ್ದೆ. ನಳಿಗೆಯ ತುದಿಗೆ ಕೈ ಹೋದಾಗ ಏನೋ ಬೇರೆ ಅನಿಸಿತು.

ಗುರಿ ಹಿಡಿಯಲು ಅಲ್ಲೊಂದು ಜೋಳದ ಕಾಳಿನಷ್ಟು ಹಿತ್ತಾಳೆ ಮಣಿ ಇರುತ್ತದೆ. ಅದು ಮಾಯ. ಅದರ ಜಾಗದಲ್ಲಿ ಅಂಟು ಹಚ್ಚಿ ಕೂರಿಸಿದ ಇನ್ಯಾವುದೋ ಮಣಿ, ಅದೂ ಸೊಟ್ಟಗೆ.

ಯಾರ ಕೆಲಸ ಇದು?

ಮೊದಲು ತಲೆಗೆ ಬಂದವರು ಕಾಕಾ. ರನ್ನ ಬೆಳಗಲಿಯಲ್ಲಿ ಅವರ ಹೊಲ ನಮ್ಮದಕ್ಕೆ ಹತ್ತಿಕೊಂಡೇ ಇದೆ. ಕಬ್ಬಿಗೆ ಹಂದಿ ನುಗ್ಗಿದಾಗೆಲ್ಲ ಬಂದೂಕು ಕೊಡು ಎಂದು ಅಪ್ಪನ ಬೆನ್ನು ಹತ್ತುತ್ತಾರೆ.

ನನ್ನದು ಮೊದಲೇ ಸಂಶಯದ ಸ್ವಭಾವ... ಕದ್ದು ಒಯ್ದು, ಮಣಿ ಮುರಿದು, ತೇಪೆ ಹಾಕಿ ಇಟ್ಟಿದ್ದಾರೆ ಎಂದೇ ತೀರ್ಮಾನಿಸಿದೆ.

ಕೇಳಿದರೆ ಕಾಕಾ ನಕ್ಕರು. "ನಾ ಯಾಕ ಮುಟ್ಟಲೋ ತಮ್ಮಾ? ಕಪಾಟಿನ ಕೀಲಿ ನಿಮ್ಮವ್ವನ ಟೊಂಕದಾಗ ಇರ್ತೈತಿ."

ಆ ನಗು ನೋಡಿ ಸಂಶಯ ಇನ್ನೂ ಜಾಸ್ತಿಯಾಯಿತು.

ಮನೆಗೆ ಬಂದು ಅವ್ವನ ಕಡೆ ನೋಡುತ್ತೇನೆ... ಒಂದು ಕಿವಿಯ ಬುಗುಡಿಯಲ್ಲಿ ಬಂಗಾರದ ಮಣಿಯೇ ಇಲ್ಲ.

"ನಿಮ್ಮಪ್ಪಗ ಹಿತ್ತಾಳಿದು ಕಾಣವಲ್ದಾತು. ಬಂಗಾರದ್ದು ಹೊಳೀತೈತಿ ಅಂತ ನಾನ ಕಿತ್ತು ಕೊಟ್ಟೆ. ಈಗ ಸ್ವಚ್ಛ ಕಾಣ್ತೈತಂತ. ನೀ ಏನೂ ಕೇಳಾಕ ಹೋಗಬ್ಯಾಡ" ಎಂದಳು ಅವ್ವ.

ಹಂದಿ ಬಂತೆಂದರೆ ಮುಸ್ಸಂಜೆಯಲ್ಲಿ ಈ ಬಂದೂಕು ಹಿಡಿದು ಕಬ್ಬಿನೊಳಗೆ ಹೋಗುವವರು ಅಪ್ಪ. ಅದೇ ಹೊಲಕ್ಕೆ ಕಬ್ಬು ಕಡಿಯುವ ಗ್ಯಾಂಗ್ ಬರುವುದಿದೆ, ಹೆಂಡತಿ ಮಕ್ಕಳ ಸಮೇತ.

ಅಪ್ಪನಿಗೆ ಈಗ ಸ್ವಚ್ಛ ಕಾಣುತ್ತದೆ ಎಂಬ ಅವ್ವನ ಮಾತನ್ನೂ ನಾನು ನಂಬಲಿಲ್ಲ.

ಬಾಗಲಕೋಟೆಯಿಂದ ಹೊಸ ಹಿತ್ತಾಳೆ ಮಣಿ ತಂದೆ. ಒಳಗೆ ತೋಟಾ ಇಲ್ಲವೆಂದು ಮತ್ತೆ ಮತ್ತೆ ನೋಡಿ, ಅಂಟು ಬಿಡಿಸಿ, ಬಂಗಾರದ ಮಣಿ ತೆಗೆದು, ತೂತು ಕ್ಲೀನ್ ಮಾಡಿದೆ. ಇನ್ನು ಹೊಸದನ್ನು ತಿರುಗಿಸಿ ನೆಟ್ಟಗೆ ಕೂರಿಸುವುದಷ್ಟೇ ಬಾಕಿ.

ಕೂರಿಸಲಿಲ್ಲ.

ಖಾಲಿ ಬಂದೂಕನ್ನು ಹಾಗೇ ಅಪ್ಪನ ಕೈಗೆ ಕೊಟ್ಟು, ಅಂಗಳದ ಬೇವಿನ ಗಿಡದ ಕಡೆ ಗುರಿ ಹಿಡಿಯಲು ಹೇಳಿದೆ. "ಅಪ್ಪಾ, ಮಣಿ ನೆಟ್ಟಗ ಐತೇನ್ರಿ?"

ಅಪ್ಪ ಕೆನ್ನೆ ಒತ್ತಿ, ಒಂದು ಕಣ್ಣು ಮುಚ್ಚಿ, ಬಹಳ ಹೊತ್ತು ನೋಡಿದರು.

"ಹಾಂ... ನೆಟ್ಟಗ ಐತಿ. ಛಲೋ ಕಾಣಾಕತ್ತೈತಿ."

ಎರಡೂ ಮಣಿ ನನ್ನ ಮುಷ್ಟಿಯಲ್ಲಿದ್ದವು.

ಕಪಾಟಿನ ಕೀಲಿ ಈಗ ನನ್ನ ಜೇಬಿನಲ್ಲಿದೆ. ನಾಳೆ ಗ್ಯಾಂಗ್ ಬರುತ್ತದೆ, ಬಂದೂಕು ಎಲ್ಲಿ ಎಂದು ಅಪ್ಪ ಆಗಲೇ ಕೇಳಲು ಶುರು ಮಾಡಿದ್ದಾರೆ.

ನೀವಾಗಿದ್ದರೆ ಕಣ್ಣು ಕಾಣುತ್ತಿಲ್ಲ, ಇನ್ನು ಬಂದೂಕು ಬಿಡಿ ಎಂಬ ಮಾತನ್ನು ನಿಮ್ಮ ಅಪ್ಪನಿಗೆ ಹೇಗೆ ಹೇಳುತ್ತಿದ್ದಿರಿ?