ಅಣ್ಣ ಕೆತ್ತದ ಬಾಗಿಲು

ನಮ್ಮ ದೇವರ ಕೋಣೆಯಲ್ಲಿ ಈಗ ಸುಟ್ಟ ಬೆಲ್ಲದಂಥ ಒಂದು ವಾಸನೆ ಇದೆ. ಊದುಬತ್ತಿ ಹಚ್ಚಿದರೂ ಗಂಧ ತೇಯ್ದರೂ ಅದು ಹೋಗುವುದಿಲ್ಲ. ಹೊಸ ಬಾಗಿಲಿನ ವಾಸನೆ ಅದು. ಮೆಷಿನ್ನಿನ ಮುಳ್ಳು ಗಿರಗಿರನೆ ತಿರುಗುತ್ತ ಇಳಿಯುವಾಗ ಮರ ಒಳಗೊಳಗೇ ಸುಟ್ಟುಕೊಳ್ಳುತ್ತದಂತೆ. ಸ್ವಲ್ಪ ದಿನ ಕಳೆದರೆ ಹೋಗುತ್ತದೆ ಅಂತ ಕೊಪ್ಪದ ಅಂಗಡಿಯವನು ಹೇಳಿದ್ದಾನೆ. ಹೋಗುವವರೆಗೆ, ಪೂಜೆಗೆ ಕೂತಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ದೇವರ ಮುಂದೆ ಸಿಟ್ಟು ಬೇಡ ಎಂದು ಕಣ್ಣು ಮುಚ್ಚಿದರೆ ಬೇರೆಯೇ ಒಂದು ವಾಸನೆ ಬಂದು ಕೂರುತ್ತದೆ: ಮೆಣಸೆಯ ನಮ್ಮ ತವರುಮನೆಯ ಹಿಂದಿನ ಚಪ್ಪರದಲ್ಲಿ ಅಪ್ಪಯ್ಯ ಕೀಸುಳಿ ಹಿಡಿದು ಹಲಸಿನ ಹಲಗೆ ಹೆರೆಯುವಾಗಿನ ವಾಸನೆ. ಹಣ್ಣಿನದಲ್ಲ, ಹೂವಿನದೂ ಅಲ್ಲ, ಆಗಷ್ಟೇ ಮಿಂದು ಬಂದ ಮಗುವಿನ ಮೈಯಂಥದ್ದು. ನಿಮ್ಮ ಮನೆಯಲ್ಲೂ ಒಂದು ಕಾಲಕ್ಕೆ ಆಚಾರಿ ಬಂದು ಅಂಗಳದಲ್ಲಿ ಕೂತು ಕೆಲಸ ಮಾಡಿದ್ದರೆ, ನಾನು ಹೇಳುವುದು ನಿಮಗೆ ಗೊತ್ತಾಗುತ್ತದೆ.

ಅಪ್ಪಯ್ಯನಿಗೆ ಮಾತು ಕಡಿಮೆ. ಆ ಪಾಲನ್ನೂ ಸೇರಿಸಿ ಅಮ್ಮನೇ ಆಡುತ್ತಿದ್ದಳು. ಬೆಳಿಗ್ಗೆ ಎದ್ದವಳು ದೇವರಿಗಿಂತ ಮೊದಲು ಚಪ್ಪರದಲ್ಲಿ ಉಳಿ, ಬಾಚಿ, ಗರಗಸಗಳ ಮುಂದೆ ದೀಪ ಹಚ್ಚುತ್ತಿದ್ದಳು. ಅಣ್ಣನೂ ನಾನೂ ಮರದ ಸುರುಳಿಗಳನ್ನು ಬುಟ್ಟಿಗೆ ತುಂಬಿ ಬಚ್ಚಲೊಲೆಗೆ ಒಯ್ಯುತ್ತಿದ್ದೆವು. ಹಾಗಾಗಿ ನಮ್ಮ ಮನೆಯ ಸ್ನಾನದ ನೀರಿಗೂ ಮರದ ಪರಿಮಳವೇ. ಮರದ ದಿಮ್ಮಿ ಗಾಡಿಯಿಂದ ಇಳಿದ ಕೂಡಲೇ ಅಮ್ಮ ಅದರ ಬುಡದ ಕಡೆಗೆ ಕುಂಕುಮ ಇಡಬೇಕು; ಕುಯ್ದು ಹಲಗೆಯಾದ ಮೇಲೆ ಹಲಗೆಗೂ ಇಡಬೇಕು. ಕಾಡಲ್ಲಿ ಮರ ಹೇಗೆ ನಿಂತಿತ್ತೋ ಮನೆಯಲ್ಲೂ ಹಾಗೇ ನಿಲ್ಲಬೇಕು, ಬುಡ ಕೆಳಗೆ, ತುದಿ ಮೇಲೆ. ಕಂಬಕ್ಕೂ ಅದೇ, ಬಾಗಿಲಿಗೂ ಅದೇ. ಒಮ್ಮೆ ನಾನು ಯಾಕೆ ಎಂದು ಕೇಳಿದಾಗ ಅಪ್ಪಯ್ಯ ಕೀಸುಳಿ ನಿಲ್ಲಿಸಿ, "ನಿನ್ನ ತಲೆಕೆಳಗೆ ನಿಲ್ಸಿ ಪೂಜೆ ಮಾಡಿದ್ರೆ ಖುಷಿ ಆಗ್ತದಾ ನಿಂಗೆ?" ಎಂದಿದ್ದರು.

ಆ ಕುಂಕುಮ ಒಮ್ಮೆ ಅಪ್ಪಯ್ಯನ ಕೈಯಲ್ಲೇ ಅಳಿಸಿಹೋಯಿತು. ನಮ್ಮೂರಲ್ಲೇ ಒಬ್ಬರು ಹೊಸ ಮನೆ ಕಟ್ಟಿಸುತ್ತಿದ್ದರು. ಬಾಗಿಲಿನ ಚೌಕಟ್ಟಿಗೆ ನಮ್ಮ ಕಡೆ ದಾರಂದ ಎನ್ನುತ್ತಾರೆ. ಗೋಡೆ ಏಳುವ ಮೊದಲೇ ಅದನ್ನು ನಿಲ್ಲಿಸಿ ಪೂಜೆ ಮಾಡಿ, ನೆಂಟರಿಷ್ಟರಿಗೆ ಊಟ ಹಾಕುತ್ತಾರೆ. ಮುಹೂರ್ತ ಮೀರುತ್ತದೆಂದು ಪುರೋಹಿತರು ಅವಸರ ಮಾಡಿದರು. ದಾರಂದ ನಿಂತಿತು, ಪೂಜೆ ಮುಗಿಯಿತು, ಎಲೆ ಹಾಕಿದರು. ಅಪ್ಪಯ್ಯನ ಪಕ್ಕದಲ್ಲೇ ನಾನು ಕೂತಿದ್ದೆ. ಎದುರಿಗೆ ಬಯಲಲ್ಲಿ ಒಂಟಿಯಾಗಿ ದಾರಂದ, ಅದಕ್ಕೆ ಹೂವಿನ ಮಾಲೆ. ಆಗಷ್ಟೇ ಪಾಯಸ ಬಡಿಸಿದ್ದರು. ಅಪ್ಪಯ್ಯನ ಕೈ ಎಲೆಯ ಮೇಲೆ ನಿಂತುಬಿಟ್ಟಿತು. ದಾರಂದದ ಬಲಗಡೆಯ ಕಾಲಿನಲ್ಲಿ ಮರದ ಗಂಟು ಕೆಳಮುಖವಾಗಿ ವಾಲಿತ್ತು; ಬುಡ ಮೇಲಾಗಿತ್ತು. ಅವರು ಊಟದ ಮಧ್ಯೆ ಎದ್ದರು.

"ಎಂತ ಆಚಾರ್ರೇ, ಪಾಯಸ ಬಿಟ್ಟು ಏಳ್ತೀರಿ?" ಎಂದರು ಮನೆಯ ಯಜಮಾನರು.

"ಒಂದು ಕಾಲು ತಲೆಕೆಳಗಾಗಿದೆ ಮಾರಾಯ್ರೆ. ಕಿತ್ತು ತಿರುಗಿಸ್ಬೇಕು."

"ಪೂಜೆ ಆದ ದಾರಂದ ಕೀಳೋದಾ? ನಮ್ಮನೆಗೆ ಕೇಡು ಬಯಸ್ತೀರಾ ನೀವು? ಸುಮ್ನೆ ಕೂತ್ಕೊಳ್ಳಿ, ಯಾರಿಗೆ ಗೊತ್ತಾಗ್ತದೆ!"

ಅಪ್ಪಯ್ಯ ಕೂರಲಿಲ್ಲ. ಸಂಜೆಯೊಳಗೆ ಇನ್ನೊಂದು ಗಳಿಗೆ ಇದೆಯೆಂದು ಪುರೋಹಿತರು ಸಮಾಧಾನ ಹೇಳಿದ್ದರಿಂದ ಕಿತ್ತು ತಿರುಗಿಸಿ ನಿಲ್ಲಿಸಿದರು. ಆ ಮನೆಯವರು ಮತ್ತೆ ಯಾವತ್ತೂ ನಮ್ಮ ಕಡೆ ತಿರುಗಿ ನೋಡಲಿಲ್ಲ. ಅಪಶಕುನದ ಆಚಾರಿ ಎಂದು ಊರಲ್ಲೆಲ್ಲ ಹೇಳಿಕೊಂಡು ಬಂದರು. ಅಮ್ಮ ವಾರಗಟ್ಟಲೆ ಗೊಣಗಿದಳು. "ಸತ್ಯಸಂಧರು! ಪಾಯಸನಾದ್ರೂ ಕುಡ್ದು ಎದ್ದಿದ್ರೆ ಎಂತ ಆಗ್ತಿತ್ತು?" ಗೊಣಗುತ್ತಲೇ ಅವತ್ತು ಮನೆಯಲ್ಲಿ ಪಾಯಸ ಮಾಡಿ ಅಪ್ಪಯ್ಯನಿಗೆ ಬಡಿಸಿದ್ದು ಮಾತ್ರ ನನಗೆ ಇವತ್ತಿಗೂ ನೆನಪಿದೆ.

ಅವರಿಬ್ಬರೂ ಈಗಿಲ್ಲ. ಚಪ್ಪರ ಅಣ್ಣನ ಪಾಲಿಗೆ ಬಂತು. ಗಣಪತಿ ಅಣ್ಣ ಅಪ್ಪಯ್ಯನ ಉಳಿಯನ್ನೇ ಹಿಡಿದ, ಅಪ್ಪಯ್ಯನ ಹಾಗೇ ಸುಮ್ಮನೆ ಕೂತು ಕೆತ್ತುತ್ತಿದ್ದ. ನಾನು ಮದುವೆಯಾಗಿ ಎನ್.ಆರ್. ಪುರದ ಹತ್ತಿರ ಕಡಹಿನಬೈಲಿಗೆ ಬಂದೆ. ನಮ್ಮ ದೇವರ ಕೋಣೆಯ ಬಾಗಿಲಿಗೆ ಗೆದ್ದಲು ಹಿಡಿದಾಗ ಮನಸ್ಸಿನೊಳಗೇ ಸ್ವಲ್ಪ ಸಂತೋಷವಾಯಿತು ಎಂದರೆ ನೀವು ನಗಬಹುದು. ಅಣ್ಣನ ಕೈಯ ಬಾಗಿಲು ನನ್ನ ಮನೆಗೆ ಬರಲಿ ಎಂದು ನಾನು ಶೃಂಗೇರಿಯ ಶಾರದಮ್ಮನಲ್ಲಿ ಎಷ್ಟು ಸಲ ಕೇಳಿಕೊಂಡಿದ್ದೆನೋ. ಅದೊಂದೇ ನನ್ನ ಆಸೆ. ಬೇರೆ ಬಂಗಾರ ಬೆಳ್ಳಿ ಕೇಳಿದವಳಲ್ಲ ನಾನು. ಅದಕ್ಕೆ ತಕ್ಕ ಹಾಗೆ ನಮ್ಮನೆಯವರು ಒಂದು ದಿನ ಮೊಬೈಲಿನಲ್ಲಿ ಏನೋ ಓದಿ, "ನಿನ್ನ ಅಣ್ಣ ಬಚಾವು ಮಾರಾಯ್ತಿ. ಇನ್ನು ಮುಂದೆ ಬರೆಯೋರ ಕೆಲಸ, ಲೆಕ್ಕದೋರ ಕೆಲಸ ಎಲ್ಲ ಕಂಪ್ಯೂಟರ್ರೇ ನುಂಗ್ತದಂತೆ. ಬಡಗಿ ಕೆಲಸಕ್ಕೆ ಮಾತ್ರ ಎಂತದೂ ಆಗಲ್ವಂತೆ" ಎಂದರು. ನಾನು ಹಿಗ್ಗಿ ಆಗಲೇ ಅಣ್ಣನಿಗೆ ಫೋನು ಮಾಡಿದೆ. ಅವನು ನಕ್ಕ. ನಕ್ಕ ಸದ್ದಿನ ಹಿಂದೆ ಗುಂಯ್ ಎಂಬ ದೊಡ್ಡ ಸದ್ದು. "ಎಲ್ಲಿದ್ದೀಯಾ ಅಣ್ಣ?" ಎಂದೆ. "ಕೊಪ್ಪದಲ್ಲಿ. ಮೆಷಿನ್ ಅಂಗಡಿಗೆ ಸೇರಿದೆ. ನಿಂಗೆ ಹೇಳ್ಬೇಕು ಅಂತಿದ್ದೆ" ಎಂದ.

ಅಂಥದ್ದನ್ನೆಲ್ಲ ಬರೆಯುವವರು ಕೊಪ್ಪಕ್ಕೆ ಬಂದು ನೋಡಲಿ. ಉಳಿ ಹಿಡಿದ ಕಬ್ಬಿಣದ ಮನುಷ್ಯ ಬಂದು ಅಣ್ಣನನ್ನು ಎಬ್ಬಿಸಿ ಅವನ ಜಾಗದಲ್ಲಿ ಕೂರುತ್ತಾನೆ ಎಂದು ಅವರು ಕಾಯುತ್ತಿರಬೇಕು. ಅಷ್ಟೆಲ್ಲ ಬೇಕಾಗಲೇ ಇಲ್ಲ. ಉದ್ದನೆಯ ಒಂದು ಮೇಜು, ಅದರ ಮೇಲೆ ಆಚೀಚೆ ಓಡಾಡುವ ಒಂದು ಮುಳ್ಳು, ಪಕ್ಕದಲ್ಲೊಂದು ಕಂಪ್ಯೂಟರ್ ಸಾಕಾಯಿತು. ಕಾಯುವ ತಾಳ್ಮೆ ಇಲ್ಲದ ನಾವು ಉಳಿದದ್ದನ್ನು ಮಾಡಿದೆವು. ಫೋಟೋದಲ್ಲಿ ಇದ್ದ ಹಾಗೇ ಬೇಕು, ಬರುವ ವಾರವೇ ಬೇಕು, ಮುಟ್ಟಿದರೆ ನುಣ್ಣಗಿರಬೇಕು. ಅಣ್ಣನ ಚಪ್ಪರಕ್ಕೆ ಜನ ಬರುವುದು ನಿಂತೇ ಹೋಯಿತು.

ನಮ್ಮ ಬಾಗಿಲನ್ನು ನೀನೇ ಕೆತ್ತು ಎಂದು ನಾನು ಹಟ ಹಿಡಿದೆ. ಅಂಗಡಿಯ ಕೆಲಸ ಬಿಟ್ಟು ಬಂದರೆ ಬೇರೆಯವರನ್ನು ಸೇರಿಸಿಕೊಳ್ಳುತ್ತಾರೆ ಎಂದ ಅಣ್ಣ. ಹಾಗಾಗಿ ಬಾಗಿಲು ಕೊಪ್ಪದಲ್ಲೇ ಆಗಬೇಕಾಯಿತು. ನೋಡಿ ಬರೋಣ ಎಂದು ನಮ್ಮನೆಯವರ ಜೊತೆ ಹೋದೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮೈಯೆಲ್ಲ ಬಿಳಿ ಪುಡಿಯಾಗಿ, ಅಣ್ಣ ಮೆಷಿನ್ನು ಕೆತ್ತಿ ಹಾಕಿದ್ದನ್ನು ಉಪ್ಪುಕಾಗದದಲ್ಲಿ ಉಜ್ಜುತ್ತಿದ್ದ. ಅಂಗಡಿಯ ಯಜಮಾನ, ಹರೆಯದವನು, ಕೆಟ್ಟವನೇನಲ್ಲ, ಓಡಿ ಬಂದು ಕುರ್ಚಿ ಹಾಕಿದ. "ಅಕ್ಕ, ನಿಮಗೆ ಸ್ಪೆಷಲ್. ನಿಮ್ಮಪ್ಪ ಕೆತ್ತಿದ ತಾವರೆನೇ ಫೋಟೋ ತೆಗೆದು ಮೆಷಿನ್ನಿಗೆ ಹಾಕಿದ್ದೀನಿ. ಈಗ ಎಲ್ಲರೂ ಅದನ್ನೇ ಕೇಳ್ತಾರೆ" ಎಂದ. ಗೋಡೆಗೆ ಒರಗಿಸಿದ ಬಾಗಿಲುಗಳನ್ನು ನೋಡಿದೆ. ತವರುಮನೆಯ ಬಾಗಿಲಿನ ತಾವರೆಯಲ್ಲಿ ಒಂದು ಎಸಳಿನ ತುದಿ ಮೊಂಡು. ಕೆತ್ತುವಾಗ ಅಮ್ಮ ಏನೋ ಕೂಗಿ, ಅಪ್ಪಯ್ಯ ತಿರುಗಿ ನೋಡಿ, ಉಳಿ ಜಾರಿದ್ದು. ಗೋಡೆಗೆ ನಿಂತ ಅಷ್ಟೂ ಬಾಗಿಲಲ್ಲಿ ಅದೇ ಎಸಳು ಮೊಂಡಾಗಿತ್ತು. ನನ್ನ ಅಮ್ಮ ಕೂಗದೆ, ಅಪ್ಪಯ್ಯ ತಿರುಗಿ ನೋಡದೆ, ಯಾರ್ಯಾರದೋ ಮನೆಗೆ ಹೋಗಲು ಸಾಲಾಗಿ ನಿಂತಿದ್ದವು. "ಬುಡ ಯಾವ ಕಡೆ ಅಣ್ಣ?" ಎಂದು ಕೇಳಿದೆ. ಅಣ್ಣ ಮೂಗಿನ ಬಟ್ಟೆ ಕೆಳಗಿಳಿಸಿದ. "ತುಂಡು ತುಂಡು ಅಂಟಿಸಿದ ಹಲಗೆ ಇದು. ಒಂದು ತುಂಡಿನ ಬುಡ ಮೇಲೆ, ಒಂದರದ್ದು ಕೆಳಗೆ. ಎಂತ ಹೇಳ್ಲಿ ಮಾರಾಯ್ತಿ" ಎಂದು ಮತ್ತೆ ಬಟ್ಟೆ ಏರಿಸಿಕೊಂಡ.

ಒಳ್ಳೆಯದನ್ನೂ ಹೇಳಬೇಕು. ಅಣ್ಣನಿಗೆ ಕೆಲಸ ಉಂಟು. ಹೊತ್ತಿಗೆ ಸರಿಯಾಗಿ ಊಟಕ್ಕೆ ಬಿಡುತ್ತಾರೆ. ಕೈಬೆರಳು ಎಲ್ಲ ನೆಟ್ಟಗಿವೆ. ಬಸ್ಸು ಅಂಗಡಿಯ ಎದುರೇ ನಿಲ್ಲುತ್ತದೆ. ಶೃಂಗೇರಿಗೆ ಹೋದಾಗ ಅಮ್ಮನವರ ಮುಂದೆ ಇವನ್ನೆಲ್ಲ ಒಂದೊಂದಾಗಿ ಹೇಳಿ ಕೈಮುಗಿಯುತ್ತೇನೆ. ಹೇಳಿ ಮುಗಿದ ಮೇಲೂ ಆ ಮೆಷಿನ್ನಿಗೆ ಒಳ್ಳೆಯದಾಗಲಿ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಬಾಗಿಲು ಕೂರಿಸಲು ಅಣ್ಣನೇ ರಜೆ ಹಾಕಿ ಬಂದ. ಕೂರಿಸಿದ ಆಚಾರಿಗೆ ಮನೆಯ ಹೆಂಗಸು ತಟ್ಟೆಯಲ್ಲಿ ವೀಳ್ಯ, ತೆಂಗಿನಕಾಯಿ, ಪಂಚೆ ಇಟ್ಟು ಕೊಟ್ಟು ನಮಸ್ಕಾರ ಮಾಡುವುದು ಕ್ರಮ. ನಾನು ತಟ್ಟೆ ಹಿಡಿದು ಹೋದೆ. ಅಣ್ಣ ಹಿಂದೆ ಸರಿದ.

"ಬೇಡ ಶಾರಿ."

"ಕ್ರಮ ಅಲ್ವನಾ ಅಣ್ಣ?"

"ಕ್ರಮ ಇರೋದು ಬಾಗಿಲು ಮಾಡಿದೋರಿಗೆ. ನಾನು ಉಜ್ಜಿದ್ದು ಅಷ್ಟೆ."

ನಮ್ಮನೆಯವರು ಮಾತು ತೇಲಿಸಲು ನೋಡಿದರು. "ಹಾಗಾದ್ರೆ ಪಂಚೆ ಮೆಷಿನ್ನಿಗೆ ಉಡಿಸ್ಬೇಕಾ ಭಾವ?"

"ಉಡಿಸಿ, ಅದಕ್ಕೂ ಚಳಿ ಆಗ್ತದೋ ಏನೋ" ಎಂದು ಅಣ್ಣ ಜೋರಾಗಿ ನಕ್ಕ. ಆಮೇಲೆ ಟವೆಲಿನಲ್ಲಿ ಮುಖ ಒರೆಸಿದ, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು. "ಕಾಫಿ ಕೊಡು, ಅದನ್ನ ತಗೊಳ್ತೀನಿ" ಎಂದ. ಕುಡಿದು, ನಾಲ್ಕು ಗಂಟೆ ಬಸ್ಸಿಗೆ ಹೊರಟ.

ಅವನು ಗೇಟು ದಾಟಿದ ಮೇಲೆ ತಟ್ಟೆಯನ್ನು ದೇವರ ಮುಂದೆ ಇಟ್ಟು ನಮಸ್ಕಾರಕ್ಕೆಂದು ಬಗ್ಗಿದೆ. ದೇವರಿಗೆ ದಿನಾ ಮಾಡುವುದು ಇದ್ದೇ ಇದೆ. ಇದು ಬಾಗಿಲು ಮಾಡಿದವನಿಗೆ ಸಲ್ಲಬೇಕಾದದ್ದು. ಯಾರಿಗೆಂದು ತಿಳಿಯದೆ ಹಾಗೇ ಎದ್ದೆ. ಮರುದಿನ ಬೆಳಿಗ್ಗೆ ವೀಳ್ಯದೆಲೆ ಬಾಡಿತ್ತು, ತೆಗೆದು ಗಿಡದ ಬುಡಕ್ಕೆ ಹಾಕಿದೆ. ಪಂಚೆಯ ಮಡಿಕೆ ಇನ್ನೂ ಬಿಚ್ಚಿಲ್ಲ.