ಆಚಾರ್ರು ಓಡಾಡಿ ಮಾಡಿಸಿದ ಫುಟ್‌ಪಾತು

ಜಗನ್ನಾಥಾಚಾರ್ಯರು ರಾಯಚೂರಿನ ನಮ್ಮ ರಸ್ತೆಯಲ್ಲಿ ಮೂವತ್ತೊಂದು ವರ್ಷ ಬರಿಗಾಲಲ್ಲಿ ನಡೆದರು. ಬೆಳಗ್ಗೆ ಸ್ನಾನ ಮಾಡಿ, ಒದ್ದೆ ಪಂಚೆಯುಟ್ಟು, ಮನೆಯ ಬಾವಿಯಿಂದ ಮಡಿಯಲ್ಲಿ ಸೇದಿದ ನೀರಿನ ತಾಮ್ರದ ಕೊಡ ಹೊತ್ತು ಹನುಮಪ್ಪನ ಗುಡಿಗೆ ಹೊರಡುತ್ತಿದ್ದರು. ಆ ನೀರಿನಿಂದಲೇ ಅಭಿಷೇಕ. ದಾರಿಯಲ್ಲಿ ಯಾರಾದರೂ ಮೈಗೆ ಸೋಕಿದರೆ ನೀರು ಚೆಲ್ಲಿ, ಮನೆಗೆ ಮರಳಿ, ಮತ್ತೆ ಸ್ನಾನ. ಹಾಗಾಗಿ ಆಟೊ, ಬಸ್ಸು ಯಾವುದೂ ಅವರಿಗೆ ಆಗಿಬರುತ್ತಿರಲಿಲ್ಲ. ಕಾಲೇ ಗತಿ.

ನಾನು ಗಡಿಗೆಪ್ಪ. ಅದೇ ರಸ್ತೆಯಲ್ಲಿ ನನ್ನ ಸೈಕಲ್ ಅಂಗಡಿ. ಬಾಯಿ ಜೋರು, ಬುದ್ಧಿ ಕಮ್ಮಿ ಎಂದು ನನ್ನ ಹೆಂಡತಿಯೇ ಹೇಳುತ್ತಾಳೆ.

ಲಾರಿ, ಬೈಕು ಹೆಚ್ಚಿ ನಡೆಯುವುದೇ ಕಷ್ಟವಾದಾಗ ಆಚಾರ್ಯರು ಅರ್ಜಿ ಬರೆದರು. ನಡೆಯುವವರಿಗೆ ಫುಟ್‌ಪಾತು, ಪಕ್ಕದಲ್ಲಿ ಸೈಕಲ್ಲಿಗೊಂದು ದಾರಿ. ಮೊದಲ ಸಹಿ ನನ್ನದು. "ಸೈಕಲ್ಲಿಗೆ ದಾರಿ ಆದ್ರ ನಿನ್ನ ವ್ಯಾಪಾರನೂ ಬೆಳೀತದಪ್ಪಾ" ಎಂದಿದ್ದರು. ಮೂರು ವರ್ಷ ಕಚೇರಿಗೆ ಅಲೆದರು. ಅಂತೂ ಆಯಿತು. ಕಲ್ಲು ಹಾಸಿ ಮುಗಿದ ಸಂಜೆ ಆ ಮನುಷ್ಯ ಕೆಲಸವಿಲ್ಲದಿದ್ದರೂ ಅದರ ಮೇಲೆ ಎರಡು ಸಲ ಹೋಗಿ ಬಂದರು.

ಬೆರಳು ತೋರಿಸಿದರೆ ಹಸ್ತ ನುಂಗುವವನು ನಾನು. ಯರಗೇರಾ, ಗಿಲ್ಲೆಸುಗೂರಿನಂಥ ಹಳ್ಳಿಗಳಿಂದ ಹಳೆಯ ಸೈಕಲ್ಲು ಕೊಂಡು ತಂದು ಏಳನ್ನು ಫುಟ್‌ಪಾತಿನ ಮೇಲೇ ಮಾರಲು ನಿಲ್ಲಿಸಿದೆ.

"ಗಡಿಗೆಪ್ಪಾ, ಎರಡು ಫೂಟು ಜಾಗಾ ಬಿಡಪ್ಪಾ. ನಾ ರಸ್ತೆಗೆ ಇಳೀಬೇಕಾಗ್ತದ" ಎಂದರು ಆಚಾರ್ಯರು.

"ಸೈಕಲ್ಲಿಗಿ ದಾರಿ ಬೇಕಂತ ನೀವಽ ಬರದೀರಲ್ರೀ ಆಚಾರ್ರ! ನಿಂತಿರ್ಲಿ ಬಿಡ್ರಿ" ಎಂದು ನಕ್ಕೆ.

ಅವರೂ ನಕ್ಕು ಕೆಳಗಿಳಿದು ಹೋದರು. ಮರುದಿನವೂ ಇಳಿದರು. ದಿನಾ ಇಳಿದರು.

ಶ್ರಾವಣದ ಒಂದು ಶನಿವಾರ ಹಾಗೆ ಇಳಿಯುವಾಗ ಬೈಕೊಂದು ಮೈಮೇಲೆ ಬಂದಂತೆ ಬಂತು. ಸೋಕದಿರಲಿ ಎಂದು ವಾಲಿದವರು ಕಾಲು ಹೊರಳಿ ಬಿದ್ದರು. ಬಿದ್ದರೂ ಕೊಡವನ್ನು ಎದೆಗೆ ಅವಚಿಕೊಂಡಿದ್ದರು. ಅರ್ಧ ನೀರು ಉಳಿದಿತ್ತು.

ಎದುರಿನ ಚಹಾ ಅಂಗಡಿಯ ಅಸ್ಮತ್ ಓಡಿಬಂದ. "ಮುಟ್ಟಬ್ಯಾಡ್ರೋ! ದೇವರ ನೀರದ! ವಿಬುಧೇಂದ್ರನ್ನ ಕರೀರಿ!" ಎಂದು ಆಚಾರ್ಯರು ಕೂಗಿದರು. ವಿಬುಧೇಂದ್ರ ಅವರ ತಮ್ಮನ ಮಗ.

"ಮಡಿ ಆಮ್ಯಾಲ ನೋಡೂಣು, ಮೊದ್ಲ ಎತ್ತೂಣು ಬಾ ಗಡಿಗೆಪ್ಪಣ್ಣ" ಎಂದ ಅಸ್ಮತ್.

"ಲೇ, ಹಿರೇರ ಮಾತು ಮೀರಬ್ಯಾಡ. ಹೋಗಿ ವಿಬುಧೇಂದ್ರನ್ನ ಕರಕೊಂಡು ಬಾ" ಎಂದು ಗದರಿಸಿ ಕಳಿಸಿದೆ. ನಿಂತವರೆಲ್ಲ ಹೌದು ಹೌದು ಎಂದರು.

ಆದರೆ ವಿಬುಧೇಂದ್ರನೂ ಸ್ನಾನ ಮಾಡಿ ಮಡಿಯುಟ್ಟೇ ಬರಬೇಕಲ್ಲ! ಮುಕ್ಕಾಲು ಗಂಟೆಯಾಯಿತು. ಸೊಂಟ ಮುರಿದ ಮುದುಕ ಅಷ್ಟು ಹೊತ್ತೂ ಡಾಂಬರಿನ ಮೇಲೆ ನರಳುತ್ತ ಬಿದ್ದಿದ್ದರು. ನಾನೇನು ಮಾಡುತ್ತಿದ್ದೆ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಪೊಲೀಸರು ಬಂದು ಇವು ಯಾರ ಸೈಕಲ್ಲು ಅಂದರೆ ಏನು ಗತಿ ಎಂದು ಹೆದರಿ, ಒಂದೊಂದನ್ನೇ ಅಂಗಡಿಯೊಳಗೆ ತಳ್ಳುತ್ತಿದ್ದೆ. ಥೂ, ನನ್ನ ಜನ್ಮಕ್ಕಿಷ್ಟು!

ಸೊಂಟ ಕೂಡಲಿಲ್ಲ. ಇನ್ನು ನಡೆಯಲಾಗುವುದಿಲ್ಲ ಎಂದರು ಡಾಕ್ಟರು. ಪೂಜೆ ವಿಬುಧೇಂದ್ರನ ಪಾಲಾಯಿತು. ಎರಡು ತಿಂಗಳು ಆ ಮನೆಯ ಕಡೆ ತಲೆ ಹಾಕದೆ, ಕೊನೆಗೆ ಧೈರ್ಯ ಮಾಡಿ ಹೋದೆ.

ಅವರ ಹೆಂಡತಿ ಭಾಗೀರಥಿಬಾಯಿ ಕೈ ಮುಗಿದರು. "ಅವತ್ತ ಮುಟ್ಟೋರನ್ನ ನೀವು ತಡದ್ರಿ, ವಿಬುಧೇಂದ್ರ ನೀರು ಗುಡಿಗೆ ಮುಟ್ಟಿಸಿದ. ಪೂಜಾ ತಪ್ಪಲಿಲ್ಲ. ನಿಮ್ಮ ಉಪಕಾರ ಹ್ಯಾಂಗ ತೀರಸೋದ್ರಿ?" ಎಂದು ಕಾಫಿ ತರಲು ಒಳಗೆ ಹೋದರು.

ಮಂಚದ ಮೇಲಿದ್ದ ಆಚಾರ್ಯರು ಮೆಲ್ಲಗೆ ಕೇಳಿದರು. "ಫುಟ್‌ಪಾತು ಈಗ ಖಾಲಿ ಅದಽ?"

"ಒಂದು ಸೈಕಲ್ಲೂ ಇಲ್ರೀ."

"ಗೊತ್ತದ. ಬಿದ್ದಲ್ಲಿಂದ ನಿನ್ನ ಅಂಗಡಿನಽ ಕಾಣ್ತಿತ್ತು." "ಆಮ್ಯಾಲ ನೋವು ತಾಳಲಾಗಲಿಲ್ಲೋ. ಮಡಿ ಹೋದ್ರ ಹೋಗ್ಲಿ, ಎತ್ತೋ ಗಡಿಗೆಪ್ಪಾ ಅಂತ ಎರಡು ಸಲ ಅಂದೆ. ದನಿ ಹೊರಡಲಿಲ್ಲ. ನೀ ಈ ಕಡೆ ನೋಡಲೇ ಇಲ್ಲ."

ಅಷ್ಟರಲ್ಲಿ ಭಾಗೀರಥಿಬಾಯಿ ಕಾಫಿ ತಂದು, "ನಿಮ್ಮಂಥಾವ್ರು ಇದ್ದದ್ದಕ್ಕ ಆತು ನೋಡ್ರಿ" ಎಂದರು. "ಆರ್ತದ, ಕುಡಿಯಪ್ಪಾ" ಎಂದರು ಆಚಾರ್ಯರು. ಆ ಹೊಗಳಿಕೆಯ ಜೊತೆಗೇ ನಾನು ಕಾಫಿ ಕುಡಿದೆ.