ಆರಾಮ ಅದೀನ್ರಿ ಅಂದ ಮೇಲೆ

ಹಳಿ ಎತ್ತುವಾಗ ಜೊತೆಯವರ ಕೈ ಜಾರಿ, ಭಾರವೆಲ್ಲ ನಮ್ಮನಿಯವರ ಸೊಂಟದ ಮೇಲೆ ಬಿತ್ತು. ಹೊಸಪೇಟೆ ಸ್ಟೇಷನ್ನಿನ ಹತ್ತಿರದಿಂದ ಕಂಬಳಿಯಲ್ಲಿ ಹೊತ್ತು ತಂದರು. ಕಾಲು ಅಲುಗಾಡಲಿಲ್ಲ. ಬಳ್ಳಾರಿಯ ಆಸ್ಪತ್ರೆಯಲ್ಲಿ ಎಷ್ಟೋ ದಿನ ಪ್ಲಾಸ್ಟರಿನಲ್ಲಿ ಮಲಗಿದರು. ಮನೆಗೆ ಬಂದ ಮೇಲೆ ಕೋಲು ಊರಿಕೊಂಡು ಪಡಸಾಲೆಯಿಂದ ಹಿತ್ತಲಿಗೆ ಹೋಗುವಷ್ಟಾದರು. ಧೋತರ ಉಡಿಸುವುದು ನಾನು, ಮಗ್ಗಲು ಹೊರಳಿಸುವುದು ನಾನು.

ರೈಲ್ವೆ ಗ್ಯಾಂಗಿನಲ್ಲಿ ಹಳಿ ಎತ್ತಿಯೇ ಬದುಕಿದ ಮನುಷ್ಯ. ಇನ್ನು ಇವನಿಂದ ಆಗದು ಅಂತ ಡಾಕ್ಟರು ಬರೆದರೆ ಪರಿಹಾರ ಬರುತ್ತದೆ. ಬರೆಯದಿದ್ದರೆ ಮತ್ತೆ ಅದೇ ಹಳಿ.

ತಪಾಸಣೆಯ ದಿನ ನಮ್ಮ ಸಂಭ್ರಮ ಕೇಳಿದರೆ ನಗುತ್ತೀರಿ. ದೊಡ್ಡ ಡಾಕ್ಟರ ಮುಂದೆ ಹೋಗುವುದಲ್ಲವೇ, ಎಣ್ಣೆ ಹಚ್ಚಿ ನೀರೆರೆದೆ. ಬಿಳಿ ಧೋತರ, ತಲೆಗೆ ರುಮಾಲು. ಮದುಮಗನ ಹಾಗೆ ಹೊರಟರು. ದೊಡ್ಡವರ ಮುಂದೆ ಕೋಲು ಊರಿ ನಿಲ್ಲಬಾರದು ಅಂತ ಅದನ್ನು ಬಾಗಿಲ ಹೊರಗೆ ನನ್ನ ಕೈಗೆ ಕೊಟ್ಟು ಒಳಗೆ ಹೋದರು. ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ.

"ಹೇಗಿದ್ದೀಯಪ್ಪಾ?" ಅಂದರು ಡಾಕ್ಟರು.

"ನಿಮ್ಮ ಆಶೀರ್ವಾದರಿ. ಆರಾಮ ಅದೀನ್ರಿ."

ನಮ್ಮ ಕಡೆ ಯಾರು ಕೇಳಿದರೂ ಇದೇ ಉತ್ತರ. ಜ್ವರದಲ್ಲಿ ಮೈ ಸುಡುತ್ತಿದ್ದರೂ ಬಾಗಿಲಿಗೆ ಬಂದವರಿಗೆ ಆರಾಮ ಅಂತಲೇ ಹೇಳುತ್ತೇವೆ. ನಮ್ಮ ಕಷ್ಟ ಅವರ ತಲೆಗೇಕೆ ಕಟ್ಟುವುದು? ನಡೆದು ತೋರಿಸು ಅಂದಾಗಲೂ ಈ ಮಹಾರಾಯ ಹಲ್ಲು ಕಚ್ಚಿ, ಗೋಡೆ ಮುಟ್ಟದೆ ನಡೆದರು.

ಸ್ವಲ್ಪ ದಿನಕ್ಕೆ ಸುದ್ದಿ ಬಂತು.

ಮೊದಲಿನ ಕೆಲಸಕ್ಕೇ ಹೋಗಬಹುದಂತೆ.

"ಆರಾಮ ಅದೀರಲ್ಲ! ಏಳ್ರಿ ಮತ್ತ, ಹಳಿ ಎತ್ತಾಕ ಹೋಗ್ರಿ!" ಅಂತ ಕೂಗಾಡಿದೆ. ಆಮೇಲೆ ಅಡುಗೆಮನೆಯಲ್ಲಿ ಸೆರಗು ಬಾಯಿಗೊತ್ತಿ ಅತ್ತೆ. ನನಗೆ ಅವರ ಮೇಲೆ ಸಿಟ್ಟಿರಲಿಲ್ಲ, ಭಯವಾಗಿತ್ತು.

ಪಕ್ಕದ ಮನೆಯ ಆಚಾರ್ಯರು ಸ್ಟೇಷನ್ನಿನಲ್ಲಿ ಕ್ಲಾರ್ಕು. ಕರೆಯದೆಯೇ ಬಂದರು.

"ಇದ ಕಡೀ ಮಾತಲ್ಲವ್ವಾ. ಮತ್ತೊಮ್ಮೆ ನೋಡ್ರಿ ಅಂತ ಕೇಳಲಿಕ್ಕೆ ಬರ್ತದ. ಬರಿಯೋದು ನನಗ ಬಿಡು. ಆದ್ರ ಈ ಸಲ ನೀನೂ ಒಳಗ ಹೋಗು. ನೆಟ್ಟಗಿದ್ದ ದಿನದ್ದಲ್ಲ, ಮೈಗೆ ಆಗದ ದಿನ ಹೆಂಗಿರ್ತದ, ಅದನ್ನ ಹೇಳ್ರಿ."

ಅವತ್ತಿನಿಂದ ಮನೆಯಲ್ಲಿ ನಾನೇ ಡಾಕ್ಟರು. "ಹೆಂಗದೀಯಪ್ಪಾ?" ಅಂತ ದನಿ ದಪ್ಪ ಮಾಡಿ ಕೇಳುವುದು. "ಆರಾ..." ಅಂದು ಅವರು ನಾಲಿಗೆ ಕಚ್ಚಿಕೊಳ್ಳುವುದು. ನಕ್ಕರೆ ಸೊಂಟ ಹಿಡಿಯುತ್ತಿತ್ತು. ಆದರೂ ನಗುತ್ತಿದ್ದರು, ಪುಣ್ಯಾತ್ಮ.

ಮತ್ತೆ ಬಳ್ಳಾರಿ. ಅದೇ ಡಾಕ್ಟರು, ಅದೇ ಪ್ರಶ್ನೆ. ಇವರು ನೆಲ ನೋಡುತ್ತ ನಿಂತುಬಿಟ್ಟರು. ನಾನು ಬಾಯಿ ತೆರೆದೆ. ಬ್ಯಾಡ ಅಂತ ಕೈ ಅಡ್ಡ ಹಿಡಿದರು.

"ಧೋತರ ಇಕಿ ಉಡಸ್ತಾಳ್ರಿ. ಮಗ್ಗಲಾ ಇಕಿ ಹೊಳ್ಳಸ್ತಾಳ. ನೋವು ತಡಿಯಾಕ ಆಗದಾಗ ಬಾಯಾಗ ಅರಿವಿ ಕಚ್ಚಿಕೊಂಡು ಮಲಗತೀನ್ರಿ. ಇಕಿಗೆ ಎಚ್ಚರಾಗಬಾರದಂತ."

ಬಟ್ಟೆ ಕಚ್ಚಿ ಮಲಗುವ ಆ ಸಂಗತಿ ನನಗೂ ಗೊತ್ತಿರಲಿಲ್ಲ.

ಡಾಕ್ಟರು ಪೆನ್ನು ಕೆಳಗಿಟ್ಟರು. ಕಾಂಪೌಂಡರಿಗೆ ಹೇಳಿ ಕುರ್ಚಿ ತರಿಸಿ, "ಮೊದಲು ಕೂತ್ಕೋಪ್ಪಾ" ಅಂದರು. ಆಮೇಲೆ ಸೊಂಟವನ್ನು ಮೆಲ್ಲಗೆ, ಬಹಳ ಹೊತ್ತು ಒತ್ತಿ ನೋಡಿದರು.

ಭಾರದ ಕೆಲಸ ಇನ್ನು ಆಗದು ಅಂತ ಬರೆದರು. ಪರಿಹಾರ ಬಂತು. ಸೊಂಟ ಮೊದಲಿನಂತಾಗಿಲ್ಲ, ಆಗುತ್ತದೆ ಅಂತ ಯಾರೂ ಹೇಳಿಲ್ಲ. ಕಣ್ಣ ಮುಂದಿದ್ದಾರೆ, ನನಗೆ ಅಷ್ಟು ಸಾಕು.

ಮೊನ್ನೆ ಸಂಜೆ ಗ್ಯಾಂಗಿನವರು ಕಟ್ಟೆಯ ಮೇಲೆ ಕೂತು ಇವರ ಜೊತೆ ಹರಟುತ್ತಿದ್ದರು. ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ಅಷ್ಟೂ ಜನರ ಎದುರೇ ಕೂಗಿದರು, "ಏ ಗಂಗಾ, ಏಳಾಕ ಆಗವಲ್ದು. ಬಾ, ಹಿಡಕೋ."

ಹಿಟ್ಟಿನ ಕೈಯಲ್ಲೇ ಹೋದೆ. ಮೈಭಾರವನ್ನೆಲ್ಲ ನನ್ನ ಮೇಲೆ ಬಿಟ್ಟು ಎದ್ದರು.